ಎರಡನೇ ಶನಿವಾರದ ನಾನೂರು ರೂಪಾಯಿ

ಇಪ್ಪತ್ತಾರು ವರ್ಷ ನಾನು ಮಲ್ಲೇಶ್ವರದ ಒಂದು ಹೈಸ್ಕೂಲಿನ ಆಫೀಸಿನಲ್ಲಿ ಸಂಬಳದ ಬಿಲ್ಲು ಬರೆದೆ. ಯಾರ ಮೂಲ ವೇತನ ಎಷ್ಟು, ತುಟ್ಟಿಭತ್ಯೆ ಎಷ್ಟು, ಯಾರ ಸಂಬಳದಲ್ಲಿ ಸೊಸೈಟಿ ಸಾಲಕ್ಕೆ ಎಷ್ಟು ಹಿಡಿಯಬೇಕು, ಹಬ್ಬದ ಮುಂಗಡಕ್ಕೆ ಎಷ್ಟು, ಎಲ್ಲ ಕಳೆದು ಕೈಗೆ ಸಿಗುವುದೆಷ್ಟು, ಇಷ್ಟೂ ನನಗೆ ಬಾಯಿಪಾಠವಾಗಿತ್ತು. ಜರಿ ಸೀರೆ ಉಟ್ಟು ಗತ್ತಿನಿಂದ ಬರುವ ಸೀನಿಯರ್ ಟೀಚರ್ ಒಬ್ಬರ ಕೈಗೆ ತಿಂಗಳಿಗೆ ಹನ್ನೊಂದು ನೂರು ಮಾತ್ರ ಬರುತ್ತದೆ ಎನ್ನುವುದು ಅವರ ಗಂಡನಿಗೆ ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು. ನಾನು ಯಾರ ಗುಟ್ಟನ್ನೂ ಯಾರಿಗೂ ಹೇಳಿದವಳಲ್ಲ. ಆದರೂ ತಮ್ಮ ಕೈಗೆ ಬರುವ ಸಂಬಳ ಗೊತ್ತಿರುವವಳ ಎದುರು ಡಬ್ಬಿ ಬಿಚ್ಚಿ ಊಟ ಮಾಡುವುದು ಯಾರಿಗೂ ಇಷ್ಟವಾಗುವುದಿಲ್ಲ. ಮಧ್ಯಾಹ್ನದ ಗಂಟೆ ಹೊಡೆದಾಗ ಎಲ್ಲರೂ ಸ್ಟಾಫ್ ರೂಮಿಗೆ ಹೋಗುತ್ತಿದ್ದರು. ನಾನು ಆಫೀಸಿನ ಬೀರುವಿನ ಪಕ್ಕ ಒಬ್ಬಳೇ ಉಣ್ಣುತ್ತಿದ್ದೆ.

ಮನೆಯಲ್ಲೂ ಒಬ್ಬಳೇ. ಮದುವೆ ಆಗಲಿಲ್ಲ. ಯಾಕೆ ಎಂದು ಬರೆಯುತ್ತ ಕೂತರೆ ಅದೇ ಒಂದು ಪುರಾಣವಾಗುತ್ತದೆ, ಬಿಡಿ. ಅಮ್ಮ ಹೋದ ಮೇಲೆ ಒಂದು ದೊಡ್ಡ ಮನೆಯ ಹಿಂಭಾಗದ ಎರಡು ಕೋಣೆಯನ್ನು ಬಾಡಿಗೆಗೆ ಹಿಡಿದಿದ್ದೆ. ಬಾಡಿಗೆ ಐದನೇ ತಾರೀಖು, ಹಾಲು ಒಂದನೇ ತಾರೀಖು, ದಿನಸಿ ಎರಡನೇ ತಾರೀಖು. ಯಾರಿಗೂ ಒಂದು ರೂಪಾಯಿ ಬಾಕಿ ಇಟ್ಟವಳಲ್ಲ. ಹೀಗೆ ಅಚ್ಚುಕಟ್ಟಾಗಿ ಬದುಕುವುದು ದೊಡ್ಡಸ್ತಿಕೆ ಎಂದು ಆಗ ನನಗೆ ಬಹಳ ಜಂಬವಿತ್ತು. ಯಾರ ಹಂಗೂ ನನಗಿಲ್ಲ ಎಂದು ಹೇಳಿಕೊಳ್ಳುತ್ತಿದ್ದೆ. ನನ್ನ ಹಂಗೂ ಯಾರಿಗೂ ಇಲ್ಲ ಎನ್ನುವುದು ಹೊಳೆಯಲು ಭಾನುವಾರ ಮಧ್ಯಾಹ್ನ ಆಗಬೇಕಿತ್ತು.

ನಮ್ಮ ಶಾಲೆಯ ಹೊಲಿಗೆ ಟೀಚರ್ ನನ್ನ ಹತ್ತಿರ ಬಂದದ್ದು ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ. ನನಗಿಂತ ಐದಾರು ವರ್ಷ ಚಿಕ್ಕವರು, ಚಾಮರಾಜಪೇಟೆಯಿಂದ ಬಸ್ಸು ಬದಲಿಸಿ ಬರುತ್ತಿದ್ದರು. ಅವರ ಯಜಮಾನರು ಸುಲ್ತಾನ್‌ಪೇಟೆಯ ಲಗ್ನಪತ್ರಿಕೆ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದವರು, ನಾನೇ ಯಾಕೆ ಪತ್ರಿಕೆ ಅಚ್ಚು ಹಾಕಿಸಿ ಮಾರಬಾರದು ಎಂದು ಹೊರಗೆ ಬಂದು ಕೈಸುಟ್ಟುಕೊಂಡಿದ್ದರು. ಒಂದು ದಿನ ಹೊಲಿಗೆ ಟೀಚರ್ ತಮ್ಮ ಡಬ್ಬಿ ತಂದು ನನ್ನ ಮೇಜಿನ ಎದುರೇ ಕೂತರು. ನನಗೆ ಚಿತ್ರಾನ್ನ ಹಾಕಿದರು. ಆಮೇಲೆ, ನಮ್ಮ ಸಿಬ್ಬಂದಿಯ ಸಹಕಾರ ಸಂಘದಿಂದ ಮೂವತ್ತು ಸಾವಿರ ಸಾಲ ಬೇಕಾಗಿದೆ, ಇಬ್ಬರ ಜಾಮೀನು ಬೇಕು, ಡ್ರಿಲ್ ಮೇಷ್ಟ್ರು ಒಪ್ಪಿದ್ದಾರೆ, ಇನ್ನೊಂದು ಸಹಿ ನೀವು ಹಾಕಬೇಕು ಎಂದು ಕೇಳಿದರು.

ಜಾಮೀನು ಎಂದರೇನು ಎಂದು ಆ ಶಾಲೆಯಲ್ಲಿ ನನಗಿಂತ ಚೆನ್ನಾಗಿ ತಿಳಿದವರು ಯಾರೂ ಇರಲಿಲ್ಲ. ನಮ್ಮಲ್ಲಿ ಅದು ಒಂಥರಾ ಮುಯ್ಯಿ. ಇವತ್ತು ನನ್ನ ಸಾಲಕ್ಕೆ ನೀನು ಸಹಿ ಹಾಕು, ನಾಳೆ ನಿನ್ನ ಸಾಲಕ್ಕೆ ನಾನು. ಫಾರಂ ಓದಿ ಸಹಿ ಹಾಕಿದವರನ್ನು ನಾನು ನೋಡಿಲ್ಲ. ಸಾಲ ತೆಗೆದವರು ಕಟ್ಟದಿದ್ದರೆ ಪೂರ್ತಿ ಮೊತ್ತ ನಿಮ್ಮ ಸಂಬಳದಲ್ಲಿ ಹಿಡಿಯುತ್ತಾರೆ ಎಂದು ಎಷ್ಟೋ ಜನಕ್ಕೆ ಬುದ್ಧಿ ಹೇಳಿ ಕೆಟ್ಟವಳಾಗಿದ್ದೆ. ಅಂಥವಳು ನಾನೇ, ಆ ದಿನ ಪೆನ್ನು ತೆಗೆದು ಸಹಿ ಹಾಕಿಬಿಟ್ಟೆ. ಚಿತ್ರಾನ್ನದ ಋಣವೇನಲ್ಲ. ನನ್ನನ್ನು ಯಾರಾದರೂ ಏನಾದರೂ ಕೇಳಿ ವರ್ಷಗಳೇ ಆಗಿದ್ದವು, ಅದಕ್ಕೆ.

ವರ್ಷ ತಿರುಗುವುದರೊಳಗೆ ಹೊಲಿಗೆ ಕೋಣೆಯ ಮಿಷನ್‌ಗಳು ಗುಜರಿಗೆ ಹೋದವು, ಅಲ್ಲಿ ಕಂಪ್ಯೂಟರ್ ಬಂದು ಕೂತವು. ಹೊಲಿಗೆ ಟೀಚರ್ ಹುದ್ದೆಗೆ ಸರ್ಕಾರದ ಅನುದಾನ ಇರಲಿಲ್ಲ, ಆಡಳಿತ ಮಂಡಳಿಯವರೇ ಸಂಬಳ ಕೊಡುತ್ತಿದ್ದರು. ಒಂದು ಶಾಲು ಹೊದಿಸಿ, ಒಂದು ತಿಂಗಳ ಸಂಬಳ ಕೊಟ್ಟು ಕಳಿಸಿದರು. ಡ್ರಿಲ್ ಮೇಷ್ಟ್ರು ಅಷ್ಟರಲ್ಲಿ ನಿವೃತ್ತರಾಗಿದ್ದರು. ಸಂಘದಿಂದ ಕಾಗದ ಬಂತು: ಬಾಕಿ ಮತ್ತು ಬಡ್ಡಿ ಸೇರಿ ಇಪ್ಪತ್ತನಾಲ್ಕು ಸಾವಿರ, ಉಳಿದ ಜಾಮೀನುದಾರರ ಸಂಬಳದಿಂದ ತಿಂಗಳಿಗೆ ಸಾವಿರದಂತೆ ವಸೂಲು ಮಾಡತಕ್ಕದ್ದು. ಆ ತಿಂಗಳ ಬಿಲ್ಲಿನಲ್ಲಿ ನನ್ನ ಹೆಸರಿನ ಮುಂದೆ, ನನ್ನದೇ ಅಕ್ಷರದಲ್ಲಿ, ಒಂದು ಸಾವಿರ ಎಂದು ಬರೆದೆ. ಮೈ ಉರಿದುಹೋಯಿತು.

ಆ ಭಾನುವಾರವೇ ಚಾಮರಾಜಪೇಟೆಗೆ ಹೋದೆ. ದಾರಿಯುದ್ದಕ್ಕೂ ಏನೇನು ಅನ್ನಬೇಕು ಎಂದು ಮನಸ್ಸಿನಲ್ಲೇ ಪಟ್ಟಿ ಮಾಡಿಕೊಂಡಿದ್ದೆ. ಅವರ ಮನೆ ಎಂದರೆ ಒಂದು ಹಜಾರ, ಒಂದು ಅಡುಗೆಮನೆ. ಅವರು ಕಿಟಕಿಯ ಬಳಿ ಮಿಷನ್ ತುಳಿಯುತ್ತ ಕೂತಿದ್ದರು, ಸುತ್ತಲೂ ರವಿಕೆ ಬಟ್ಟೆಗಳು. ನನ್ನನ್ನು ಕಂಡೊಡನೆ ಎದ್ದು ನಿಂತರು, ಅಳಲಿಲ್ಲ, ನೆಪ ಹೇಳಲಿಲ್ಲ. ತಪ್ಪಾಯಿತು ಎಂದರು, ಅಷ್ಟೇ. ದಾರಿಯಲ್ಲಿ ಮಾಡಿಕೊಂಡ ಪಟ್ಟಿ ಕೆಲಸಕ್ಕೆ ಬರಲಿಲ್ಲ. ಸುಮ್ಮನಿರಲಾರದೆ, ಒಟ್ಟು ಎಷ್ಟು ಸಾಲ ಮಾಡಿಕೊಂಡಿದ್ದೀರಿ ಎಂದು ಕೇಳಿದೆ. ಒಂದು ನಲವತ್ತು ಸಾವಿರ ಇರಬಹುದು ಎಂದರು.

ಇರಬಹುದು ಎನ್ನುವ ಮಾತು ಕೇಳಿದರೆ ನನಗೆ ಆಗುವುದಿಲ್ಲ. ಚೀಲದಿಂದ ನೋಟ್‌ಬುಕ್ ತೆಗೆದು ಕೂತೆ. ನನಗೆ ಇಪ್ಪತ್ತನಾಲ್ಕು ಸಾವಿರ. ಎತ್ತಿ ಖರ್ಚಾಗಿ ಹೋಗಿದ್ದ ಚೀಟಿಗೆ ಇನ್ನೂ ಕಟ್ಟಬೇಕಾದದ್ದು ಆರು. ನಗರ್ತಪೇಟೆಯ ಗಿರವಿ ಅಂಗಡಿಯಲ್ಲಿ ಸರ ಮತ್ತು ಎರಡು ಬಳೆಯ ಮೇಲೆ ಹದಿನೈದು. ಹಿಂದಿನ ಬೀದಿಯಲ್ಲಿ ಬಡ್ಡಿಗೆ ಕೊಡುವ ಹೆಂಗಸಿನ ಹತ್ತಿರ ಕೈಸಾಲ ಇಪ್ಪತ್ತು. ಚಿಕ್ಕತ್ತೆಯ ಬಳಿ ಹತ್ತು. ದಿನಸಿ ಅಂಗಡಿಯಲ್ಲಿ ಎರಡು ಸಾವಿರದ ಎಂಟುನೂರು. ಕೂಡಿದರೆ ಎಪ್ಪತ್ತೇಳು ಸಾವಿರದ ಎಂಟುನೂರು. ಅವರು ಆ ಸಂಖ್ಯೆಯನ್ನು ನೋಡಿ ಮಿಷನ್ ಮೇಲೆ ಕೈಯಿಟ್ಟುಕೊಂಡು ನಿಂತುಬಿಟ್ಟರು. ಬಿಡಿಬಿಡಿಯಾಗಿ ಪ್ರತಿಯೊಂದೂ ಅವರಿಗೆ ನೆನಪಿತ್ತು, ಯಾವತ್ತೂ ಕೂಡಿಸಿ ನೋಡಿರಲಿಲ್ಲ. ಸಾಲದಲ್ಲಿ ಬಿದ್ದವರು ಹೆಚ್ಚಾಗಿ ಹೀಗೇ. ಕೂಡಿಸಿದರೆ ಅದು ನಿಜವಾಗಿಬಿಡುತ್ತದೆ ಎಂಬ ಹೆದರಿಕೆ.

ಕೈಸಾಲಕ್ಕೆ ನೂರಕ್ಕೆ ಐದರಂತೆ ತಿಂಗಳಿಗೆ ಸಾವಿರ ರೂಪಾಯಿ ಬರೀ ಬಡ್ಡಿ ಹೋಗುತ್ತಿತ್ತು. ಅಸಲಿನಲ್ಲಿ ಒಂದು ಪೈಸೆ ಕರಗಿರಲಿಲ್ಲ. ಮೊದಲು ಅದನ್ನು ಮುಗಿಸಿ, ಒಡವೆ ಬಿಡಿಸುವ ಆಸೆ ಬಿಟ್ಟು ಮಾರಿಬಿಡಿ ಎಂದೆ. ಬಳೆ ಅಮ್ಮ ಕೊಟ್ಟದ್ದು ಎಂದರು.

"ಮೂರು ವರ್ಷದಿಂದ ಕೈಯಲ್ಲಿಲ್ಲದ ಬಳೆಗೆ ತಿಂಗಳು ತಿಂಗಳು ಬಾಡಿಗೆ ಕಟ್ತಿದೀರಲ್ಲ," ಎಂದೆ. ಹಾಗೆ ಒರಟಾಗಿ ಹೇಳಬಾರದಿತ್ತು, ಆದರೆ ನನ್ನ ಬಾಯಿಯೇ ಹಾಗೆ.

ಒಡವೆ ಮಾರಿದಾಗ ಗಿರವಿ ತೀರಿ ಹದಿನೇಳು ಸಾವಿರ ಉಳಿಯಿತು, ಅದು ನೇರವಾಗಿ ಕೈಸಾಲಕ್ಕೆ ಹೋಯಿತು. ಉಳಿದ ಮೂರು ಸಾವಿರ ಮೂರು ತಿಂಗಳಲ್ಲಿ ಮುಗಿಯಿತು. ಅಷ್ಟರಲ್ಲಿ ಯಜಮಾನರು ಮರ್ಯಾದೆ ಬದಿಗಿಟ್ಟು ಹಳೆಯ ಪತ್ರಿಕೆ ಅಂಗಡಿಗೇ ಕಮಿಷನ್ ಮೇಲೆ ವಾಪಸಾದರು. ನನ್ನದು ಎಲ್ಲದಕ್ಕಿಂತ ಕೊನೆಗೆ ಇರಲಿ, ನಾನು ಬಡ್ಡಿ ಕೇಳುವವಳಲ್ಲ ಎಂದು ನಾನೇ ಹೇಳಿದ್ದೆ. ಅವರು ಕೇಳಲಿಲ್ಲ. ತಿಂಗಳಿಗೆ ನಾನೂರಾದರೂ ಕೊಡ್ತೀನಿ, ನಾನೇ ಬಂದು ಕೊಡ್ತೀನಿ ಎಂದರು. ಎರಡನೇ ಶನಿವಾರ ಮಧ್ಯಾಹ್ನ ಎಂದು ನಿಗದಿಯಾಯಿತು. ಇಪ್ಪತ್ತನಾಲ್ಕು ಸಾವಿರಕ್ಕೆ ನಾನೂರರಂತೆ ಅರವತ್ತು ತಿಂಗಳು, ಐದು ವರ್ಷ.

ಮೊದಲ ಸಲ ಬಂದಾಗ ಬಾಗಿಲಲ್ಲೇ ದುಡ್ಡು ಕೊಟ್ಟು ಹೊರಡಲು ನೋಡಿದರು. ಕಾಫಿ ಕುಡಿದು ಹೋಗಿ ಎಂದೆ. ಎರಡನೇ ಸಲ ಅವರ ಮನೆಯ ಖರ್ಚಿನ ಪುಸ್ತಕ ತಂದರು, ಇಬ್ಬರೂ ನೆಲದ ಮೇಲೆ ಕೂತು ನೋಡಿದೆವು. ಅವರಿಗೆ ದುಡಿಮೆ ಇರಲಿಲ್ಲ ಎಂದಲ್ಲ, ದುಡ್ಡು ಬರುವ ದಿನಕ್ಕೂ ಹೋಗುವ ದಿನಕ್ಕೂ ತಾಳೆಯೇ ಇರಲಿಲ್ಲ. ವೈಶಾಖದಲ್ಲಿ ಮದುವೆಗಳ ಸುಗ್ಗಿ, ಕುತ್ತಿಗೆ ನೋಯುವಷ್ಟು ರವಿಕೆ ಹೊಲಿಯುತ್ತಿದ್ದರು, ಕೈತುಂಬ ಖರ್ಚು ಮಾಡುತ್ತಿದ್ದರು. ಆಷಾಢ ಬಂತೆಂದರೆ ಮದುವೆ ಇಲ್ಲ, ರವಿಕೆ ಇಲ್ಲ, ಗಂಡನಿಗೆ ಪತ್ರಿಕೆ ಆರ್ಡರೂ ಇಲ್ಲ. ಸ್ಕೂಲ್ ಫೀಸು, ಪುಸ್ತಕ ಎಲ್ಲ ಅದೇ ಹೊತ್ತಿಗೆ. ಆಗ ಕೈಸಾಲ. ಧನುರ್ಮಾಸದಲ್ಲಿ ಮತ್ತೆ ಅದೇ ಕಥೆ. ಸುಗ್ಗಿಯಲ್ಲಿ ಬಂದದ್ದರಲ್ಲಿ ಮೂರರಲ್ಲೊಂದು ಪಾಲು ಆಷಾಢದ್ದು, ಅದು ನಿಮ್ಮದಲ್ಲ ಎಂದು ತಿಳಿದು ಪೋಸ್ಟಾಫೀಸಿಗೆ ಹಾಕಿ ಎಂದೆ. ಚೀಟಿಯ ಕಂತನ್ನು ಯಜಮಾನರ ಕಮಿಷನ್ ಬರುವ ಮರುದಿನಕ್ಕೆ ಬದಲಾಯಿಸಿಕೊಳ್ಳಿ ಎಂದೆ. ಮುಂದಿನ ಆಷಾಢದಲ್ಲಿ ಅವರು ಯಾರ ಬಾಗಿಲಿಗೂ ಹೋಗಲಿಲ್ಲ. ಆ ಶನಿವಾರ ಬಂದವರು ದುಡ್ಡು ಕೊಡುವುದಕ್ಕೂ ಮುಂಚೆ ಅದನ್ನೇ ಹೇಳಿ ನಕ್ಕರು. ಅವತ್ತಿನಿಂದ ನನ್ನನ್ನು ಮೇಡಂ ಎನ್ನುವುದು ಬಿಟ್ಟು ಅಕ್ಕ ಎನ್ನತೊಡಗಿದರು.

ನಾಚಿಕೆ ಬಿಟ್ಟು ಹೇಳುತ್ತೇನೆ, ಎರಡನೇ ಶನಿವಾರಕ್ಕಾಗಿ ನಾನು ಕಾಯುತ್ತಿದ್ದೆ. ಶುಕ್ರವಾರವೇ ಕೋಡುಬಳೆ ಕರಿಯುತ್ತಿದ್ದೆ. ಅರ್ಧ ದಿನದ ಶಾಲೆ ಮುಗಿಸಿ ಮಧ್ಯಾಹ್ನ ಹನ್ನೆರಡಕ್ಕೆ ಓಡಿಬಂದು ಮನೆ ಒರೆಸುತ್ತಿದ್ದೆ. ಅವರು ಮೂರಕ್ಕೆ ಬಂದು ಐದೂವರೆಗೆ ಹೊರಡುತ್ತಿದ್ದರು. ಲೆಕ್ಕಕ್ಕೆ ಕಾಲು ಗಂಟೆ ಸಾಕಾಗುತ್ತಿತ್ತು, ಉಳಿದ ಹೊತ್ತು ಏನು ಮಾತಾಡುತ್ತಿದ್ದೆವೋ ಈಗ ನೆನಪಿಲ್ಲ. ಯಾರ ರವಿಕೆ ಬಿಗಿಯಾಯಿತು, ಯಾರ ಮಗಳಿಗೆ ಗಂಡು ಒಪ್ಪಿಗೆಯಾಗಲಿಲ್ಲ, ಇಂಥವೇ. ನನ್ನ ಬೆನ್ನಿನ ನೋವಿನ ವಿಷಯ ನಾನು ಯಾರಿಗೂ ಹೇಳಿರಲಿಲ್ಲ, ಅವರಿಗೆ ಹೇಳಿದ್ದೆ. ಎಲ್ಲರಿಗೂ ಸಾಲ ಕರಗಿದರೆ ಸಂತೋಷ. ನಾನು ಮಾತ್ರ ಪ್ರತಿ ನಾನೂರು ಬರೆದುಕೊಳ್ಳುವಾಗಲೂ ಇನ್ನು ನಲವತ್ತೆಂಟು ತಿಂಗಳು, ಇನ್ನು ನಲವತ್ತು ತಿಂಗಳು ಎಂದು ಉಳಿದ ಶನಿವಾರಗಳನ್ನು ಎಣಿಸುತ್ತಿದ್ದೆ.

ಎರಡು ವರ್ಷ ತುಂಬಿದ ತಿಂಗಳು ಅವರು ಖುಷಿಯಾಗಿ ಬಂದರು. ಬಸವನಗುಡಿಯ ಒಂದು ಸೀರೆ ಅಂಗಡಿಯವರು ರವಿಕೆ ಹೊಲಿಯುವ ಕೆಲಸವನ್ನು ಖಾಯಂ ಆಗಿ ಕೊಟ್ಟಿದ್ದರಂತೆ. ಉಳಿದದ್ದು ಹದಿನಾಲ್ಕು ಸಾವಿರದ ನಾನೂರು ಅಲ್ಲವಾ, ಮುಂದಿನ ತಿಂಗಳಿಂದ ಎಂಟುನೂರು ಕೊಟ್ಟು ಬೇಗ ತೀರಿಸಿಬಿಡ್ತೀನಿ ಅಕ್ಕ ಎಂದರು. ಒಳ್ಳೆಯದಾಯಿತು ಎಂದೆ. ಅವರು ಹೋದ ಮೇಲೆ ಲೆಕ್ಕ ಹಾಕಿದೆ. ಮೂರು ವರ್ಷ ಬರಬೇಕಾಗಿದ್ದವರು ಒಂದೂವರೆ ವರ್ಷಕ್ಕೇ ನಿಂತುಹೋಗುತ್ತಾರೆ.

ಆ ತಿಂಗಳೆಲ್ಲ ನನ್ನ ತಲೆಯಲ್ಲಿ ಇದೇ ಓಡಿತು. ಕೊನೆಗೆ ನನಗೆ ಒಂದು ಮಹಾ ಬುದ್ಧಿವಂತಿಕೆ ಹೊಳೆಯಿತು. ಈ ಬಾಕಿ ಇರುವುದರಿಂದಲೇ ಅಲ್ಲವೇ ಅವರು ಸಾಲಗಾರರಾಗಿ ಬರುತ್ತಿರುವುದು? ಅದನ್ನೇ ತೆಗೆದುಹಾಕಿದರೆ ಬರೀ ಸ್ನೇಹಕ್ಕೆ ಬರುತ್ತಾರೆ, ಆ ಬರುವಿಕೆಗೆ ಕೊನೆ ಎನ್ನುವುದೇ ಇರುವುದಿಲ್ಲ. ಸಂಘಕ್ಕೆ ನಾನು ಕಟ್ಟಬೇಕಾದದ್ದು ಕಟ್ಟಿ ಮುಗಿದಿತ್ತು. ಹದಿನಾಲ್ಕು ಸಾವಿರ ಇಲ್ಲದೆ ನಾನೇನೂ ಉಪವಾಸ ಬೀಳುತ್ತಿರಲಿಲ್ಲ.

ಆ ಸಲದ ಎರಡನೇ ಶನಿವಾರ ಗೌರಿ ಹಬ್ಬದ ಮರುವಾರ ಬಿತ್ತು. ಮನೆಗೆ ಬಂದ ಹೆಂಗಸಿಗೆ ಅರಿಶಿನ ಕುಂಕುಮ, ತಾಂಬೂಲ ಕೊಡುವುದು ಅಮ್ಮನ ಕಾಲದಿಂದ ನಮ್ಮಲ್ಲಿ ನಡೆದುಬಂದದ್ದು. ತಟ್ಟೆಯಲ್ಲಿ ಎಲೆ ಅಡಿಕೆ, ಬಾಳೆಹಣ್ಣು, ಒಂದು ರವಿಕೆ ಕಣ, ತೆಂಗಿನಕಾಯಿ ಇಟ್ಟೆ. ನೋಟ್‌ಬುಕ್ಕಿನಿಂದ ಅವರ ಲೆಕ್ಕದ ಹಾಳೆ ಹರಿದು, ಉಳಿದದ್ದು ನನಗೆ ಬೇಡ, ಸಾಲ ತೀರಿತು ಎಂದು ಅಡಿಯಲ್ಲಿ ಬರೆದು, ಮಡಚಿ ಎಲೆಗಳ ನಡುವೆ ಸೇರಿಸಿದೆ. ಅವರು ಎಂಟುನೂರು ತೆಗೆಯಲು ಪರ್ಸಿಗೆ ಕೈ ಹಾಕಿದಾಗ ತಡೆದು, ಮೊದಲು ತಾಂಬೂಲ ತಗೊಳ್ಳಿ ಎಂದೆ. ಸೆರಗೊಡ್ಡಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡರು. ಆಮೇಲೆ ಹಾಳೆ ಕಂಡಿತು. ಓದಿದರು. ನಾನು ನಗುತ್ತ ನಿಂತಿದ್ದೆ.

"ಅಕ್ಕ, ಇದನ್ನ ತಾಂಬೂಲದಲ್ಲಿ ಇಡಬಾರ್ದಿತ್ತು," ಎಂದರು.

ನನಗೆ ಅರ್ಥವಾಗಲಿಲ್ಲ. ಸಂತೋಷ ಪಡುವುದು ಬಿಟ್ಟು ಇದೇನು ಎಂದು ಗದರಿದೆ. ಸೆರಗಿಗೆ ಬಿದ್ದದ್ದನ್ನು ವಾಪಸ್ ಕೊಡುವ ಪದ್ಧತಿ ನಮ್ಮಲ್ಲಿಲ್ಲ, ದೇವರ ಹೆಸರಿನಲ್ಲಿ ಬಂದದ್ದನ್ನು ಬೇಡ ಎನ್ನುವಂತಿಲ್ಲ. ಕೈಯಲ್ಲಿ ಕೊಟ್ಟಿದ್ದರೆ ಅವರು ಜಗಳವಾಡಬಹುದಿತ್ತು, ಹಾಳೆಯನ್ನು ನನ್ನ ಮುಖಕ್ಕೆ ಹಿಡಿಯಬಹುದಿತ್ತು. ಆ ದಾರಿಯನ್ನು ನಾನು ಮುಚ್ಚಿಬಿಟ್ಟಿದ್ದೆ. ಎರಡು ವರ್ಷ ತಲೆಯೆತ್ತಿಕೊಂಡು ಕಂತು ಕಟ್ಟಿದವರು ಒಂದೇ ಗಳಿಗೆಯಲ್ಲಿ ದಾನ ತೆಗೆದುಕೊಂಡವರಾದರು. ಇದೆಲ್ಲ ನನಗೆ ಹೊಳೆದದ್ದು ಆಮೇಲೆ. ಅವತ್ತು ಅವರು ಕಾಫಿ ಕುಡಿದು, ನಾಲ್ಕೂವರೆಗೇ ಹೊರಟರು.

ಮುಂದಿನ ತಿಂಗಳು ಬರಲಿಲ್ಲ. ಅದರ ಮುಂದಿನ ತಿಂಗಳೂ ಇಲ್ಲ. ಕರಿದ ಕೋಡುಬಳೆಯನ್ನು ಮನೆ ಓನರ್ ಮಕ್ಕಳಿಗೆ ಕೊಟ್ಟೆ. ಮೂರನೇ ತಿಂಗಳು ನನ್ನ ಬಿಗುಮಾನ ಬಿಟ್ಟು ನಾನೇ ಹೋದೆ. ಯಜಮಾನರು ನನ್ನನ್ನು ಕಂಡು ದಡಬಡಿಸಿ ಎದ್ದು ಕುರ್ಚಿ ಒರೆಸಿದರು. ಮಗಳನ್ನು ಕರೆದು ನಮಸ್ಕಾರ ಮಾಡಿಸಿದರು. ಕಾಫಿ ಹೊಸ ಲೋಟದಲ್ಲಿ ಬಂತು. ಹೊಲಿಗೆ ಟೀಚರ್ ನಿಂತೇ ಮಾತಾಡಿಸಿದರು, ಹೇಗಿದ್ದೀರಿ ಮೇಡಂ ಎಂದರು. ಮತ್ತೆ ಮೇಡಂ. ಯಾಕೆ ಬರುತ್ತಿಲ್ಲ ಎಂದು ಕೇಳಿದ್ದಕ್ಕೆ, ಕೆಲಸ ಜಾಸ್ತಿ, ಬರ್ತೀನಿ ಎಂದರು. ನನ್ನನ್ನು ಬಾಗಿಲವರೆಗೆ ಬಿಡಲು ಬಂದಾಗ ನಾವಿಬ್ಬರೇ ಇದ್ದೆವು. ಏನಾದರೂ ಮಾಡಿ ಮೊದಲಿನ ಹಾಗೆ ಆಗಬೇಕು ಎನ್ನುವುದೊಂದೇ ನನ್ನ ತಲೆಯಲ್ಲಿದ್ದದ್ದು.

"ಆ ಹದಿನಾಲ್ಕು ಸಾವಿರದ ನಾನೂರು ಬಿಟ್ಟಿದ್ದು ನಂದೇ ತಪ್ಪು. ನನಗದು ಬೇಕು. ಮೊದಲಿನ ಹಾಗೆ ತಿಂಗಳಿಗೆ ನಾನೂರು ತಂದ್ಕೊಡಿ," ಎಂದೆ.

ಅವರು ನನ್ನತ್ತ ತಿರುಗಿದರು. ಮುಖದಲ್ಲಿ ಬೇಸರವಿರಲಿಲ್ಲ, ಕನಿಕರದಂಥದ್ದೇನೋ ಇತ್ತು. ಆಗಲಿ, ಕೊಡ್ತೀನಿ ಎಂದರು. ಬಸ್ಸಿನಲ್ಲಿ ನಾನು ನಗುತ್ತಲೇ ಬಂದೆ. ಇನ್ನು ಮೂವತ್ತಾರು ತಿಂಗಳು.

ಎರಡನೇ ಶನಿವಾರಕ್ಕೆ ಇನ್ನೂ ಮೂರು ದಿನವಿತ್ತು. ಬುಧವಾರ ಮಧ್ಯಾಹ್ನ ಅವರ ಯಜಮಾನರು ಶಾಲೆಯ ಆಫೀಸಿಗೆ ಬಂದರು. ನನ್ನ ಮೇಜಿನ ಮೇಲೆ ಒಂದು ಕವರ್ ಇಟ್ಟು, ಪೂರ್ತಿ ಇದೆ, ಎಣಿಸ್ಕೊಳ್ಳಿ ಎಂದರು. ಎಲ್ಲಿಂದ ತಂದಿರಿ ಎಂದೆ. ಹಿಂದಿನ ಬೀದಿಯ ಆ ಹೆಂಗಸಿನ ಹತ್ತಿರವೇ ಎಂದರು. ನೂರಕ್ಕೆ ಐದು. ಹದಿನಾಲ್ಕು ಸಾವಿರದ ನಾನೂರಕ್ಕೆ ತಿಂಗಳಿಗೆ ಏಳುನೂರ ಇಪ್ಪತ್ತು ಬರೀ ಬಡ್ಡಿ ಎಂದು ನನ್ನ ತಲೆ ತನ್ನಷ್ಟಕ್ಕೆ ಲೆಕ್ಕ ಹಾಕಿತು. ತಿಂಗಳಿಗೆ ನಾನೂರು ಎಂದಿದ್ದೆನಲ್ಲ, ಇದೇನು ಮಾಡಿಕೊಂಡಿರಿ ಎಂದು ಕೇಳಿದೆ.

"ಅವಳು ಕೇಳ್ಲಿಲ್ಲ ಮೇಡಂ. ಅಕ್ಕಂಗೆ ಏನೋ ದೊಡ್ಡ ಕಷ್ಟ ಬಂದಿದೆ, ಇಲ್ದಿದ್ರೆ ತಾಂಬೂಲದಲ್ಲಿ ಕೊಟ್ಟಿದ್ದನ್ನ ವಾಪಸ್ ಕೇಳೋರಲ್ಲ ಅವರು, ನಾನೂರು ಯಾವ ಮೂಲೆಗಾಗುತ್ತೆ ಅಂತ ರಾತ್ರಿ ಎಲ್ಲ ಒದ್ದಾಡಿದ್ಲು. ಇನ್ನೂ ಏನಾದ್ರೂ ಬೇಕಾ ಕೇಳ್ಕೊಂಡು ಬನ್ನಿ ಅಂದಿದಾಳೆ," ಎಂದರು.

ಪಕ್ಕದ ಮೇಜಿನವರು ಬರೆಯುವುದನ್ನು ನಿಲ್ಲಿಸಿ ಕಿವಿಗೊಟ್ಟಿದ್ದರು. ಕವರನ್ನು ಅವರ ಕೈಗೇ ತುರುಕಿ, ಈಗಲೇ ಹೋಗಿ ಆ ಸಾಲ ತೀರಿಸಿ ಎನ್ನಬಹುದಿತ್ತು. ಆದರೆ ಹಾಗಾದರೆ ಯಾಕೆ ಕೇಳಿದಿರಿ ಎಂದು ಅವರು ಕೇಳಿದರೆ ನಿಜ ಹೇಳಬೇಕಾಗುತ್ತಿತ್ತು. ನನಗೆ ಯಾವ ಕಷ್ಟವೂ ಇಲ್ಲ, ಮನೆಗೆ ಯಾರೂ ಬರುವುದಿಲ್ಲ, ಅದೊಂದೇ, ನಿಮ್ಮ ಹೆಂಡತಿ ತಿಂಗಳಿಗೊಮ್ಮೆ ಬಂದರೆ ಸಾಕು ಎನ್ನಬೇಕಾಗುತ್ತಿತ್ತು. ನಲವತ್ತು ಜನರ ಸಂಬಳ ಬರೆಯುವ ನಾನು, ಯಾರ ಹಂಗೂ ಇಲ್ಲದ ನಾನು.

ನೋಟು ಎಣಿಸಿದೆ. ಪೂರ್ತಿ ಸಂದಾಯವಾಗಿದೆ ಎಂದು ರಸೀದಿ ಬರೆದು ಸಹಿ ಹಾಕಿದೆ. ಅವರು ಅದನ್ನು ಜೇಬಿಗಿಟ್ಟುಕೊಂಡು ಇನ್ನೂ ನಿಂತೇ ಇದ್ದರು.

"ಅವಳಿಗೆ ಏನು ಹೇಳ್ಲಿ ಮೇಡಂ?" ಎಂದರು.

ಇಷ್ಟು ಸಾಕು ಅಂತ ಹೇಳಿ ಎಂದೆ.